ಪರೀಕ್ಷೆಯಲ್ಲಿ ಮಗ್ಗ ತುಳಿದದ್ದು

"ಕಾಲ್ಯಾಕ ಕುಣಸಾಕತ್ತಿ?" ಎಂದು ಮಾಸ್ತರು ನನ್ನ ಬೆಂಚಿನ ಕೆಳಗೆ ಬಗ್ಗಿಯೇ ಬಿಟ್ಟರು. ಅಲ್ಲಿ ಚೀಟಿ ಇರಲಿಲ್ಲ. ನನ್ನ ಎರಡು ಕಾಲು ಒಂದಾದ ಮೇಲೊಂದು ಅಡಿಹಲಗೆಯನ್ನು ಒತ್ತುತ್ತಿದ್ದವು.

"ಕುಣಸಾಕತ್ತಿಲ್ರೀ ಸರ್, ನೇಯಾಕತ್ತೇನಿ," ಎಂದೆ.

ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಜಮಖಂಡಿಯಲ್ಲಿ ಇಂಗ್ಲಿಷ್ ಪರೀಕ್ಷೆ. ಕಿವಿಗೆ ಒಂದೇ ತರಹ ಕೇಳುವ ಶಬ್ದಗಳಿಗೆ ಅರ್ಥ ಬರೆಯಬೇಕಿತ್ತು. ಅವನ್ನೆಲ್ಲ ನಾನು ಬನಹಟ್ಟಿಯ ನಮ್ಮ ಮನೆಯ ಮಗ್ಗದಲ್ಲಿ ಕೂತು ಸೀರೆ ನೇಯುತ್ತ ಬಾಯಿಪಾಠ ಮಾಡಿದ್ದೆ. ಎಡಗಾಲು ತುಳಿದರೆ ಸನ್ ಅಂದರೆ ಸೂರ್ಯ, ಬಲಗಾಲು ತುಳಿದರೆ ಸನ್ ಅಂದರೆ ಮಗ. ಎಡಕ್ಕೆ ವೀಕ್ ಅಂದರೆ ವಾರ, ಬಲಕ್ಕೆ ವೀಕ್ ಅಂದರೆ ಅಶಕ್ತ.

ಮಾಸ್ತರು ಕಾಲು ನಿಲ್ಲಿಸೆಂದರು. ನಿಲ್ಲಿಸಿದೆ. ಶಬ್ದಗಳೂ ನಿಂತವು. ಹತ್ತು ನಿಮಿಷವಾದರೂ ಖಾಲಿ ಇದ್ದ ನನ್ನ ಹಾಳೆ ನೋಡಿ, ಅವರು ಹೆಗಲ ಮೇಲಿನ ವಸ್ತ್ರ ಮಡಚಿ, ಸಪ್ಪಳವಾಗದಂತೆ ನನ್ನ ಕಾಲಡಿ ಹಾಸಿದರು. ನೇಕಾರರ ಮಗಳು ನೇಯ್ದ ಬಟ್ಟೆ ತುಳಿಯುವುದಿಲ್ಲ. ಕಾಲು ಮೇಲೆತ್ತಿ ಕೂತೆ. ಕಡೆಗೆ ಬೆಂಚಿನ ಸಮೇತ ನನ್ನನ್ನು ಪಡಸಾಲೆಗೆ ಹಾಕಿದರು.

"ಇಲ್ಲಿ ಬೇಕಾದಷ್ಟ ನೇಯಿ, ತಂಗಿ."

ಪಾಸಾದೆ. ಮುಂದೆ ಬೀಳಗಿಯಲ್ಲಿ ನಾನೇ ಇಂಗ್ಲಿಷ್ ಕಲಿಸುವಾಗ ಈ ಪಾಠಕ್ಕೆ ಇಡೀ ತರಗತಿಯನ್ನು ಎಬ್ಬಿಸಿ ನಿಲ್ಲಿಸಿ, ಎಡಗಾಲು ಬಲಗಾಲು ತುಳಿಸುತ್ತಿದ್ದೆ. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲೇ ನಿಂತು ನೋಡಿ, ಶೆರಾ ಬರೆದು ಹೋದರು: "ಕವಾಯತು ಉತ್ತಮ. ಇಂಗ್ಲಿಷ್ ಶಿಕ್ಷಕಿ ಕಾಣಲಿಲ್ಲ."