ಶಲ್ಯದ ಕೆಳಗಿನ ದರ

ನಾನು ಸಂಶಯದ ಪ್ರಾಣಿ. ನನ್ನೆದುರಿಗೇ ಕರೆದುಕೊಟ್ಟ ಹಾಲನ್ನೂ ಬೆರಳಿಗೆ ಹಚ್ಚಿ ನೋಡುತ್ತೇನೆ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಟ್ಟರೆ ಅವನ ಮುಖ ನೋಡಿಕೊಂಡೇ ಎಣಿಸುತ್ತೇನೆ. ಇದರಲ್ಲಿ ನಾಚಿಕೊಳ್ಳುವುದೇನಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ.

ಐವತ್ತರ ದಶಕದ ಮೊದಲಲ್ಲಿ ನಾನು ರೋಣದ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಊರವರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ಅಪ್ಪ, ಅವ್ವ ಇಬ್ಬರೂ ತೀರಿಹೋಗಿದ್ದರು. ಮನೆಯಲ್ಲಿದ್ದದ್ದು ನಾನು ಮತ್ತು ನನ್ನ ತಂಗಿ. ಅವಳಿಗೆ ನರ್ಸ್ ಆಗುವ ಹುಚ್ಚು. ಓಣಿಯಲ್ಲಿ ಯಾರ ಕಾಲಿಗೆ ಮುಳ್ಳು ಚುಚ್ಚಿದರೂ ಬಿಸಿನೀರು ಹಿಡಿದು ಓಡುವವಳು. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಅವಳಿಗೆ ಕಲಿಯಲು ಜಾಗ ಸಿಗುವಂತಿತ್ತು. ಬರುವ ಜೂನಿನಲ್ಲಿ ಇನ್ನೂರು ರೂಪಾಯಿ ಕಟ್ಟಬೇಕು, ಆಮೇಲೆ ಮೂರು ವರ್ಷದ ಖರ್ಚು ಬೇರೆ. ಅವ್ವನ ಬಂಗಾರದ ಪಾಟ್ಲಿ ಬಳೆ ಮಾರಿದ ಐನೂರು ರೂಪಾಯಿ ನನ್ನ ಬಳಿ ಇತ್ತು. ಅದು ಮೂರು ವರ್ಷಕ್ಕೆ ಸಾಲುವುದಿಲ್ಲ ಎಂಬುದು ಸಾಲೆಯ ಹುಡುಗಿಗೂ ತಿಳಿಯುವ ಲೆಕ್ಕ.

ಆಗ ಸಮುದ್ರದಾಚೆ ಎಲ್ಲೋ ಯುದ್ಧ ನಡೆದಿತ್ತು, ನಮ್ಮ ಕಡೆ ಹತ್ತಿಯ ದರ ಏರುತ್ತಿತ್ತು. ಹತ್ತಿಯಲ್ಲಿ ರೊಕ್ಕ ಹಾಕದವರು ಹುಚ್ಚರು ಎಂಬಂತೆ ಜನ ಮಾತಾಡುತ್ತಿದ್ದರು. ನನಗೂ ಆಸೆ ಹುಟ್ಟಿತು. ಸುಳ್ಳೇಕೆ ಹೇಳಲಿ?

ನರಗುಂದದಲ್ಲಿ ಪರಿಚಯದ ದಲಾಲರೊಬ್ಬರಿದ್ದರು. ಗಾದಿಗೆ ಒರಗಿ, ಅಡಕೆ ಕತ್ತರಿಸುತ್ತ ಹೇಳಿದರು: "ನೂರಕ್ಕ ಒಂಬತ್ತು ಬಡ್ಡಿ. ಪೇಟಿ ಏರಲಿ, ಇಳೀಲಿ, ನಿಮಗೇನ್ರಿ? ರೊಕ್ಕಾನೂ ಮನಿ ಇದ್ದಾಂಗ. ಇನ್ನೊಬ್ರಿಗೆ ಕೊಟ್ರ ಬಾಡಗಿ ಬರಬೇಕು." ಮಾತು ಚೊಕ್ಕವಾಗಿತ್ತು. ಲಾಭ ಅಷ್ಟು ಗಟ್ಟಿಯಿದ್ದರೆ ಇವರಿಗೆ ಸಾಲೆಯ ಅಕ್ಕೋರ ರೊಕ್ಕ ಯಾಕೆ ಬೇಕು ಎಂದು ನನಗೆ ಅನುಮಾನ ಬಂತು.

ಗಜೇಂದ್ರಗಡದಲ್ಲಿ ಹತ್ತಿ ಕೊಂಡು ಮಾರುವ ಸಾಹೇಬರೊಬ್ಬರಿದ್ದರು. ಅವರ ಮಗಳು ಹಿಂದೊಮ್ಮೆ ನನ್ನ ಕೈಯಲ್ಲಿ ಕಲಿತಿದ್ದಳು. ಅವರು ಬಡ್ಡಿಯ ಮಾತೆತ್ತಿದ ಕೂಡಲೇ ಕೈ ಅಡ್ಡ ಆಡಿಸಿದರು. "ಬಡ್ಡಿ ನಮ್ಮಲ್ಲಿ ಹರಾಮ್ ರಿ ಅಕ್ಕೋರ. ತಗೊಳ್ಳೂದಿಲ್ಲ, ಕೊಡೂದೂ ಇಲ್ಲ. ರೊಕ್ಕ ನಿಮ್ಮದು, ದುಡಿತ ನಂದು. ಲಾಭ ಬಂದ್ರ ಅರ್ಧಾ ಅರ್ಧಾ. ಲುಕ್ಸಾನ ಆದ್ರ ನಿಮ್ಮ ರೊಕ್ಕ ಹೋತು, ನನ್ನ ದುಡಿತ ಹೋತು."

ಎಂಥ ಅನುಕೂಲದ ಧರ್ಮ ಎಂದುಕೊಂಡೆ. ಬಡ್ಡಿ ಕೊಡುವುದು ತಪ್ಪಿತು, ಮುಳುಗಿದರೆ ಲುಕ್ಸಾನವೂ ನನ್ನ ತಲೆಗೆ. ಇಬ್ಬರಲ್ಲಿ ಒಬ್ಬರನ್ನೂ ನಂಬಲಾಗದೆ ಇಬ್ಬರಿಗೂ ಇನ್ನೂರ ಐವತ್ತರಂತೆ ಕೊಟ್ಟೆ. ಒಬ್ಬ ಕೈ ಎತ್ತಿದರೂ ಇನ್ನೊಬ್ಬನಿಂದ ತಂಗಿಯ ಇನ್ನೂರು ಹುಟ್ಟಬೇಕು, ಅದು ನನ್ನ ಜಾಣತನ.

ಆ ಸಲ ಹೊಲದಲ್ಲಿ ಹತ್ತಿ ಚಲೋ ಬಂತು. ಮಳೆ ತಪ್ಪಿರಲಿಲ್ಲ, ಹುಳ ಬಿದ್ದಿರಲಿಲ್ಲ. ಆದರೂ ಬೇಸಿಗೆಯ ಹೊತ್ತಿಗೆ ದರ ದಬಕ್ಕನೆ ಬಿತ್ತು. ದೇಶದೇಶಗಳಲ್ಲೂ ಹಾಗೇ ಬಿದ್ದಿದೆಯಂತೆ ಎಂದು ಪೇಪರು ಓದುವವರು ಹೇಳಿದರು. ನಾನು ನರಗುಂದಕ್ಕೆ ಓಡಿದೆ. ದಲಾಲರು ಅದೇ ಗಾದಿಯ ಮೇಲೆ ಕೂತು, "ಪೇಟಿ ಅಂದ್ರ ಹಿಂಗ ರಿ. ಬಿದ್ದದ್ದು ತಾನ ಏಳ್ತೈತಿ. ಅಂಜಿದಾವ ಕೆಡ್ತಾನ, ತಡದಾವ ಉಳೀತಾನ" ಎಂದರು. ಹದಿನೈದು ದಿನ ಬಿಟ್ಟು ಹೋದರೆ ಅಂಗಡಿಗೆ ಕೀಲಿ. ಮುಂಬೈಗೆ ಹೋದರಂತೆ. ನೂರಕ್ಕೆ ಒಂಬತ್ತರ ಕಾಗದ ನನ್ನ ಟ್ರಂಕಿನಲ್ಲಿ ಉಳಿಯಿತು.

ಅಲ್ಲಿಂದ ಮುಂದೆ ತಂಗಿಯ ಹುಬ್ಬಳ್ಳಿ ಎಂದರೆ ಗಜೇಂದ್ರಗಡದ ಸಾಹೇಬರು ಮಾತ್ರ. ಅವರ ಮನೆಗೆ ಹೋದಾಗ ಅವರೂ ಬಾಡಿದ್ದರು. "ಮುಂಬೈದಾಗ ಇನ್ನೂ ಬೆಳೀದ ಹತ್ತಿ ಮಾರ್ಯಾರ್ರಿ, ಕಣ್ಣಿಲೆ ನೋಡದವರು ಕೊಂಡಾರ. ಕೈಯಾಗ ಇಲ್ಲದ್ದು ಮಾರಬಾರದು ಅಂತ ನಮ್ಮಲ್ಲಿ ಐತಿ. ನಾ ಕಣ್ಣಿಲೆ ನೋಡಿದ ಹತ್ತೀನ ಅಷ್ಟ ಕೊಂಡೆ. ಆದ್ರ ಅವರು ಬಿದ್ದಾಗ ನನ್ನೂ ಎಳಕೊಂಡು ಬಿದ್ರು." ನಾಳೆಯ ಪೇಟೆಯಲ್ಲಿ ನಮ್ಮ ಹತ್ತಿ ಮಾರಿಬಿಡುತ್ತೇನೆ, ಇನ್ನೂರಕ್ಕೆ ಕಡಿಮೆ ಆಗಲಿಕ್ಕಿಲ್ಲ ಎಂದರು. ನಾನೂ ಬರುತ್ತೇನೆ ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಬರ್ರಿ ಎಂದರು. ಆ ಒಂದು ನೋಟ ನನ್ನ ತಲೆಯಲ್ಲಿ ರಾತ್ರಿಯೆಲ್ಲ ಕೊರೆಯಿತು.

ಆಗ ಹತ್ತಿಯ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಶಲ್ಯದ ಕೆಳಗೆ ಕೈ ಕೂಡಿಸುತ್ತಿದ್ದರು. ಬೆರಳು ಹಿಡಿದರೆ ಒಂದು ಅಂಕಿ, ಅಂಗೈ ಒತ್ತಿದರೆ ಇನ್ನೊಂದು. ಅಂದು ಸಾಹೇಬರ ಶಲ್ಯದ ಕೆಳಗೆ ಒಬ್ಬ ಖರೀದಿದಾರನ ಕೈ ಹೋಯಿತು. ಬಟ್ಟೆಯೊಳಗೆ ಏನೋ ಮಿಸುಕಾಡುತ್ತಿತ್ತು. ಮೇಲೆ ಇಬ್ಬರ ಮುಖವೂ ಕಲ್ಲು. ನನ್ನ ಮೈ ಉರಿದುಹೋಯಿತು. ರೊಕ್ಕ ನನ್ನದು, ಗುಟ್ಟು ಅವರಿಬ್ಬರದು.

"ಸಾಹೇಬ್ರ, ಅದರಾಗ ನಾನೂ ಕೈ ಇಡ್ತೀನಿ" ಎಂದೆ. ಸುತ್ತಲಿನವರು ನಕ್ಕರು. ಸಾಹೇಬರು ನಗಲಿಲ್ಲ. "ಪರಗಂಡಸರ ಕೈ ಹಿಡೀಬ್ಯಾಡ್ರಿ ಅಕ್ಕೋರ. ನಾಳೆ ಊರಾಗ ನಿಮಗ ಹೆಸರಿಡ್ತಾರ."

"ಹಂಗಾರ ದರ ಬಾಯಿಲೆ ಹೇಳಸ್ರಿ. ನಾನೂ ಕೇಳ್ತೀನಿ."

"ಬಾಯಿಲೆ ಹೇಳಿದ್ರ ದರ ಬೀಳತೈತ್ರಿ."

"ಯಾಕ? ನನಗ ಗೊತ್ತಾಗತೈತಿ ಅಂತ?"

ಅವರು ನನ್ನ ಮುಖ ನೋಡಿದರು. "ರೊಕ್ಕ ನಿಮ್ಮದು" ಎಂದು ಶಲ್ಯ ಎಳೆದು ಹೆಗಲಿಗೆ ಹಾಕಿಕೊಂಡರು. ಎಲ್ಲರೆದುರು ದರ ಕೇಳಿದರು. ಶಲ್ಯದ ಕೆಳಗೆ ಕೈಯಿಟ್ಟಿದ್ದ ಖರೀದಿದಾರ ತಲೆ ಅಲ್ಲಾಡಿಸಿ ಹಿಂದೆ ಸರಿದ. ಇನ್ನೊಬ್ಬ ಕಡಿಮೆ ಹೇಳಿದ, ಮೂರನೆಯವನು ಅವನಿಗಿಂತ ಕಡಿಮೆ. ಕೊನೆಗೆ ಮಾರಿದಾಗ ನನ್ನ ಪಾಲಿಗೆ ಬಂದದ್ದು ನೂರಾ ಅರವತ್ತು.

ಸಾಹೇಬರು ಅದನ್ನು ಕೊಟ್ಟು, ಅಂಗಿಯ ಒಳಗಿನ ಕಿಸೆಯಿಂದ ನಲವತ್ತು ರೂಪಾಯಿ ಬೇರೆ ತೆಗೆದರು. "ತಂಗ್ಯಾರ ಸಾಲಿ ನಿಲ್ಲಬಾರದು. ಕೈಗಡ ತಗೋರ್ರಿ. ಬಡ್ಡಿ ಇಲ್ಲ. ಯಾವಾಗರೆ ಕೊಡ್ರಿ."

ಬಡ್ಡಿಯಿಲ್ಲದೆ ಯಾರು ಕೊಡುತ್ತಾರೆ? ನನಗೆ ಎಲ್ಲ ತಿಳಿದುಹೋಯಿತು ಅನಿಸಿತು. ಪೇಟೆಯಲ್ಲಿದ್ದವರಿಗೆಲ್ಲ ಕೇಳುವಂತೆ, "ತೊಂಬತ್ತು ತಿಂದಾವರು ನಲವತ್ತು ಕೊಡಾಕ ಬಂದೀರೇನ್ರಿ?" ಎಂದೆ. ಅವರು ಆ ನೋಟುಗಳನ್ನು ಮಡಚಿ ಅದೇ ಕಿಸೆಯಲ್ಲಿಟ್ಟುಕೊಂಡರು.

ಆ ಬೇಸಿಗೆ ಯಾರ ಕೈಯಲ್ಲೂ ರೊಕ್ಕವಿರಲಿಲ್ಲ. ಪಗಾರದ ಮುಂಗಡ ಕೇಳಿದೆ, ಕೊಡಲಿಲ್ಲ. ನರೇಗಲ್ಲಿನ ಸಂಬಂಧಿಕರನ್ನು ಕೇಳಿದೆ, ಅವರೂ ಹತ್ತಿಯಲ್ಲಿ ಕೆಟ್ಟಿದ್ದರು. ಜೂನ್ ಬಂತು, ಹೋಯಿತು. ತಂಗಿ ಕೇಳಿದಾಗ, "ಆ ಸಾಹೇಬ ನಮ್ಮ ರೊಕ್ಕ ತಿಂದಾನ" ಎಂದೆ. ಅವಳು ಹುಬ್ಬಳ್ಳಿಗೆಂದು ಹೊಲಿಸಿದ್ದ ಎರಡು ಬಿಳಿ ಕುಪ್ಪಸಗಳನ್ನು ಟ್ರಂಕಿಗೆ ಹಾಕಿದಳು. ಮರುವರ್ಷ ಅಸೂಟಿಗೆ ಮದುವೆ ಮಾಡಿಕೊಟ್ಟೆ.

ಅದಾಗಿ ಎರಡು ವರ್ಷಕ್ಕೆ ಹೊಳೆಆಲೂರ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತಿದ್ದಾಗ ಒಬ್ಬ ನನ್ನ ಗುರುತು ಹಿಡಿದ. ಅಂದು ಹಿಂದೆ ಸರಿದ ಖರೀದಿದಾರ.

"ನೀವ ಅಲ್ಲೇನ್ರಿ, ಬಾಯಿಲೆ ದರ ಹೇಳಸಿದಾಕಿ? ಶಲ್ಯದ ತಳಗ ನಾ ಚಲೋ ದರ ಒಪ್ಪಿದ್ದೆ. ನಿಮಗ ಇನ್ನೂರ ಹತ್ತು ಬರತಿತ್ತಂತ ಸಾಹೇಬ್ರು ಆಮ್ಯಾಲೆ ಲೆಕ್ಕ ಹೇಳಿದ್ರು. ಆದ್ರ ಎಲ್ಲಾರ ಎದುರು ಹ್ಯಾಂಗ ಹೇಳಲ್ರಿ? ಮಾರಾವ್ರೆಲ್ಲ ಅದ ದರಾನ ಬೇಡತಿದ್ರು."

"ಸಾಹೇಬ್ರು ನನಗ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನಂಬತಿದ್ರೇನು?" ಎಂದ. ಆಮೇಲೆ ತಾನಾಗಿಯೇ ಹೇಳಿದ: ಶಲ್ಯ ತೆಗೆದವರ ಜೊತೆ ಮತ್ತೆ ಯಾರೂ ಕೈ ಕೂಡಿಸಲಿಲ್ಲವಂತೆ, ಸಾಹೇಬರು ಈಗ ಕಿರಾಣಿ ಅಂಗಡಿ ಇಟ್ಟಿದ್ದಾರಂತೆ.

ಒಂದು ರವಿವಾರ ಗಜೇಂದ್ರಗಡಕ್ಕೆ ಹೋದೆ. ರಸ್ತೆಯ ಈಚೆಗೆ ನಿಂತು ನೋಡಿದೆ. ಸಾಹೇಬರು ಯಾರಿಗೋ ಬೇಳೆ ತೂಗುತ್ತಿದ್ದರು. ತಕ್ಕಡಿಯ ಮುಳ್ಳನ್ನು ಗಿರಾಕಿಯ ಕಡೆ ತಿರುಗಿಸಿ ತೋರಿಸುತ್ತಿದ್ದರು. ದಾಟಿ ಹೋಗುವ ಧೈರ್ಯ ನನಗಾಗಲಿಲ್ಲ. ಮುಂದಿನ ಬಸ್ಸಿಗೆ ವಾಪಸು ಬಂದೆ.

ಹೋದ ವರ್ಷ ಅಸೂಟಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ಅವಳ ಮೊಮ್ಮಗಳು ಮೊಣಕಾಲು ತರಚಿಕೊಂಡು ಬಂದಳು. ತಂಗಿ ಗಾಯ ತೊಳೆದು, ಹಳೆಯ ಸೀರೆ ಹರಿದು, ದವಾಖಾನೆಯವರೂ ಕಟ್ಟದಷ್ಟು ಚಂದ ಪಟ್ಟಿ ಕಟ್ಟಿದಳು.

"ಆಯಿ, ನೀ ನರ್ಸ್ ಇದ್ದೇನ?" ಎಂದಿತು ಹುಡುಗಿ.

"ಆಗಾಕಿದ್ದೆ. ಗಜೇಂದ್ರಗಡದಾಗ ಒಬ್ಬಾವ ನಮ್ಮ ರೊಕ್ಕ ತಿಂದ. ಬೇಕಾದ್ರ ದೊಡ್ಡಾಯಿನ್ನ ಕೇಳು."

ಹುಡುಗಿ ನನ್ನ ಕಡೆ ತಿರುಗಿತು. ನಾನು ಹೂಂ ಎಂದೆ.