ಭದ್ರಾವತಿಯಿಂದ ಬಂದ ತಮಿಳು ಹಸು

ಪ್ಯಾಕೆಟ್ ಹಾಲೆಂದರೆ ಅಮ್ಮನಿಗೆ ಮೊದಲಿನಿಂದಲೂ ಸಿಟ್ಟು. ಗಾಜನೂರಿನಲ್ಲಿ ದನಕರುಗಳ ನಡುವೆ ಬೆಳೆದವಳು. "ಇದು ಹಾಲಲ್ಲ, ಬಿಳಿ ನೀರು" ಎಂದು ಕಾಫಿ ಕಾಸುವಾಗಲೆಲ್ಲ ಗೊಣಗುತ್ತಿದ್ದಳು. ಅಪ್ಪ ಕನ್ನಡ ಮೇಷ್ಟ್ರಾಗಿ ನಿವೃತ್ತರಾದದ್ದೇ ತಡ, ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಮಾಡು ಎಬ್ಬಿಸಿ ಹಸು ಕಟ್ಟುವುದೆಂದು ತೀರ್ಮಾನಿಸಿಬಿಟ್ಟಳು. ಅಪ್ಪನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹೊಸದಾಗಿ ಕರು ಹಾಕಿದ ಹಸುವೊಂದು ಮಾರಾಟಕ್ಕಿದೆ ಎಂದು ಗೊತ್ತಾಗಿ, ಒಂದು ಭಾನುವಾರ ಅಮ್ಮ ಮತ್ತು ನಾನು ಬಸ್ಸು ಹತ್ತಿದೆವು. ಹಸುವಿನ ಒಡತಿ ತಮಿಳು ಮನೆಮಾತಿನವರು, ಹೆಚ್ಚುಕಡಿಮೆ ಅಮ್ಮನದೇ ವಯಸ್ಸು. ಗಂಡ ರಿಟೈರ್ ಆದದ್ದರಿಂದ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದಲ್ಲಿದ್ದ ಮಗಳ ಫ್ಲ್ಯಾಟಿಗೆ ಹೊರಟಿದ್ದರು.

"ಎರಡನೇ ಮಹಡಿ ಅಮ್ಮಾ. ಇವಳನ್ನ ಲಿಫ್ಟಲ್ಲಿ ಕರ್ಕೊಂಡು ಹೋಗಕ್ಕಾಗತ್ತಾ?" ಎನ್ನುತ್ತ ಹಸುವಿನ ಕತ್ತಿನಡಿಯ ಗಂಗೆದೊಗಲು ಸವರಿದರು.

ಅಮ್ಮ ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡಿದಳು, ಮೈಮೇಲಿನ ಸುಳಿ ಹುಡುಕಿದಳು, ಕೆಚ್ಚಲು ಮುಟ್ಟಿ ನೋಡಿದಳು. ಆಮೇಲೆ ವ್ಯಾಪಾರಕ್ಕೆ ಕೂತಳು. ಅವಳಪ್ಪ ದನದ ಸಂತೆಯಲ್ಲಿ ದಲ್ಲಾಳಿಗಳ ಜೊತೆ ಟವೆಲಿನಡಿ ಬೆರಳು ಹಿಡಿದು, ಬಾಯಿ ಬಿಡದೆ ರೇಟು ಕುದುರಿಸುತ್ತಿದ್ದರಂತೆ. ಅದೇ ಗತ್ತಿನಲ್ಲಿ ಅಮ್ಮ ಸೆರಗು ಚಾಚಿ, "ಕೈ ಕೊಡಿ" ಎಂದಳು. ಆಕೆಗೂ ಆ ವಿದ್ಯೆ ಗೊತ್ತಿತ್ತು! ಇಬ್ಬರೂ ಸೆರಗಿನೊಳಗೆ ಬೆರಳು ಅದುಮುತ್ತ, ಕಲ್ಲಿನಂಥ ಮುಖ ಮಾಡಿಕೊಂಡು ಕೂತರು. ಗುಟ್ಟು ಕದಿಯಲು ಅಲ್ಲಿದ್ದವರೆಂದರೆ ನಾನು, ಕರು ಮತ್ತು ಒಂದು ಕೋಳಿ.

"ಮೆಲ್ಲಗೆ ಹಿಂಡಿ ಅಮ್ಮಾ, ನನಗೆ ಕೀಲು ನೋವು" ಎಂದು ಆಕೆ ನರಳಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ವ್ಯಾಪಾರ ಮುಗಿಯಿತು.

ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಹಸು ಬಕೆಟ್ ಒದೆಯಿತು. ಹಗ್ಗ ಹಿಡಿದು ನಿಂತಿದ್ದ ಅಪ್ಪ, "ಗೋಮಾತೆ, ದಯವಿಟ್ಟು ಸಹಕರಿಸು" ಎಂದರು.

"ಭಾಷಣ ಬೇಡ, ಮೈ ಸವರಿ" ಎಂದು ಅಮ್ಮ ಗದರಿದಳು. ಸವರಿದರೂ ತೊಟ್ಟು ಹಾಲಿಲ್ಲ. ಅಮ್ಮ ಭದ್ರಾವತಿಗೆ ಫೋನ್ ಮಾಡಿದಳು.

"ಕನ್ನಡದಲ್ಲಿ ಮಾತಾಡಿದ್ರಾ? ಅಯ್ಯೋ, ಅವಳತ್ರ ನಾವು ಯಾವಾಗ್ಲೂ ತಮಿಳೇ ಅಮ್ಮಾ. ಫೋನು ಅವಳ ಕಿವಿ ಹತ್ರ ಹಿಡೀರಿ."

ಸ್ಪೀಕರಿನಲ್ಲಿ ದನಿ ಕೇಳಿಸಿತು: "ಎನ್ ಕಣ್ಣಲ್ಲ, ಎನ್ ತಂಗಮಲ್ಲ, ಪಾಲ್ ಕುಡು ಮಾ..." ಹಸುವಿನ ಕಿವಿ ನಿಮಿರಿತು. ಬಕೆಟ್ಟಿನಲ್ಲಿ ಸೊರ್ ಸೊರ್ ಸದ್ದು ಶುರುವಾಯಿತು.

ದಿನಾ ಫೋನ್ ಮಾಡುವುದು ಹೇಗೆ? ಕೆಚ್ಚಲ ಬಳಿ ಅಮ್ಮ, ಕಿವಿಯ ಬಳಿ ತಮಿಳು ಹೇಳಲು ಅಪ್ಪ ಎಂದಾಯಿತು. ಅಪ್ಪನಿಗೆ ಅವಮಾನ. "ಊರಿಗೆಲ್ಲ ಕನ್ನಡ ಕಲಿಸಿದವನು ನಾನು. ಇದಕ್ಕೂ ಕಲಿಸ್ತೀನಿ" ಎಂದರು.

"ಕಲಿಸಿ. ಅದು ಕಲಿಯೋವರೆಗೂ ಕಾಫಿ ಕೇಳ್ಬೇಡಿ."

ಅಪ್ಪ ಶರಣಾದರು. ಆ ಮೂರು ಮಾತನ್ನು ಬಾಯಿಪಾಠ ಮಾಡಿ, ಹಳೆಗನ್ನಡದ ಪದ್ಯದಂತೆ ರಾಗವಾಗಿ ಒಪ್ಪಿಸತೊಡಗಿದರು. ಹಸು ಮೆಚ್ಚಿತು. ಕೆಲವೇ ದಿನಗಳಲ್ಲಿ ಪಕ್ಕದ ಮನೆಯಾಕೆ ಅಮ್ಮನನ್ನು ಕಾಂಪೌಂಡಿನ ಬಳಿ ಕರೆದು ಪಿಸುಗುಟ್ಟಿದರು: "ಮೇಷ್ಟ್ರು ಬೆಳಿಗ್ಗೆ ಬೆಳಿಗ್ಗೆ ಹಿತ್ತಲಲ್ಲಿ ಯಾರಿಗೆ ಫೋನ್ ಮಾಡ್ತಾರೆ ಮಾರಾಯ್ತಿ? ನನಗೆ ತಮಿಳು ಗೊತ್ತು. ಕಣ್ಣೇ ಅಂತಾರೆ, ಬಂಗಾರ ಅಂತಾರೆ!"

ಆ ಮಾತುಗಳ ಅರ್ಥ ಅಮ್ಮನಿಗೆ ತಿಳಿದದ್ದು ಆಗಲೇ. ಒಳಗೆ ಬಂದವಳೇ ಅಪ್ಪನೆದುರು ನಿಂತಳು. "ಮದುವೆಯಾದಾಗಿಂದ ನನ್ನನ್ನ 'ಇವಳೇ' ಅನ್ನೋದು ಬಿಟ್ಟು ಬೇರೆ ಏನಾದ್ರೂ ಕರೆದಿದೀರಾ?"

ಅಪ್ಪ ಪೇಪರಿನಿಂದ ತಲೆಯೆತ್ತಿ, "ನೀನು ಬಕೆಟ್ ಒದೆಯಲ್ವಲ್ಲ" ಎಂದರು. ಅವತ್ತಿನ ಕಾಫಿಗೆ ಸಕ್ಕರೆ ಬೀಳಲಿಲ್ಲ.

ಮಳೆಗಾಲ ಕಳೆದ ಮೇಲೆ ಹಸುವಿನ ಹಳೆಯ ಒಡತಿ ಬಾಳೆಹಣ್ಣು ಹಿಡಿದು ಅದನ್ನು ನೋಡಲು ಬಂದರು. ಹಸು ಹಣ್ಣನ್ನೆಲ್ಲ ತಿಂದು, ಕೈ ನೆಕ್ಕಿ, ಬಳಿಕ ನಿಧಾನಕ್ಕೆ ತಿರುಗಿ ಅಪ್ಪನ ಹೆಗಲಿಗೆ ಮೂತಿ ಒರೆಸಿತು. ಆಕೆ ನಗಲು ಹೋದರು, ಆಗಲಿಲ್ಲ. "ಪರವಾಗಿಲ್ಲ. ನನ್ನ ಮರ್ತ್ರೂ ಪರವಾಗಿಲ್ಲ" ಎಂದು ಕಣ್ಣೊರೆಸಿಕೊಂಡರು.

ಅಪ್ಪನಿಗೆ ಗಾಬರಿ. ಆಕೆಯ ಭಾಷೆಯಲ್ಲೇ ಸಮಾಧಾನ ಹೇಳಬೇಕೆನ್ನಿಸಿತೇನೋ, ತಮಗೆ ಬರುತ್ತಿದ್ದಷ್ಟೂ ತಮಿಳನ್ನು ಗಂಭೀರವಾಗಿ ಹೇಳಿಬಿಟ್ಟರು. ಹಾಲು ಕೊಡೆನ್ನುವ ಕೊನೆಯ 'ಪಾಲ್ ಕುಡು' ಕೂಡ ಬಿಡಲಿಲ್ಲ.

ಆಕೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದು ನಕ್ಕರು. ಅಮ್ಮನಿಗೂ ನಗು ಹತ್ತಿತು. ಅಪ್ಪ ಹುಲ್ಲು ತರುವ ನೆಪದಲ್ಲಿ ಮಾಯವಾದರು.

ಸಂಜೆ ಆಕೆ ಹೊರಡುವಾಗ ಅಮ್ಮ ಬಾಟಲಿಯಲ್ಲಿ ನೊರೆಹಾಲು ತುಂಬಿಕೊಟ್ಟು, "ಭಾನುವಾರ ಭಾನುವಾರ ಬನ್ನಿ" ಎಂದಳು. ಆಕೆ ಈಗಲೂ ಸಿಟಿ ಬಸ್ಸಿನಲ್ಲಿ ಬರುತ್ತಾರೆ. ಅಮ್ಮನೂ ಆಕೆಯೂ ಕೊಟ್ಟಿಗೆಯಲ್ಲಿ ಕೂತು ಹರಟುತ್ತಾರೆ. ಅಪ್ಪ ಕೈಮುಗಿದು, ಅಚ್ಚ ಕನ್ನಡದಲ್ಲಿ "ನಮಸ್ಕಾರ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ.