ಇನೋಕೆಯ ಎರಡು ತುತ್ತು

ಇನೋಕೆ ಯಾವ ಹೋಟೆಲಿಗೆ ಹೋದರೂ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದ. ಮಿಕ್ಕಿದ್ದನ್ನು ನನ್ನ ಕಡೆ ತಳ್ಳಿ, "ನಡಿ ಮುನ್ಸಾಮಿ, ಇದಲ್ಲ," ಅನ್ನುತ್ತಿದ್ದ. ಬಾಯಲ್ಲಿದ್ದದ್ದನ್ನು ಹೇಗೋ ನುಂಗಿಕೊಂಡು ನಾನು ಅವನ ಹಿಂದೆ ಓಡಬೇಕು. ಊಟದ ಮಧ್ಯೆ ಎಬ್ಬಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೆಂಡತಿಯೇ ಎಬ್ಬಿಸುವ ಧೈರ್ಯ ಮಾಡುವುದಿಲ್ಲ. ಆದರೂ ಆ ನಾಲ್ಕು ತಿಂಗಳು ದಿನಾ ಮಧ್ಯಾಹ್ನ ಟ್ಯಾಕ್ಸಿಯನ್ನು ಮಾರ್ಕೆಟ್ಟಿನ ಸ್ಟ್ಯಾಂಡಿನಲ್ಲಿ ಬಿಟ್ಟು ಅವನ ಜೊತೆ ಸುವಾ ಪಟ್ಟಣದ ಹೋಟೆಲು ಹೋಟೆಲು ಅಲೆದೆ. ಯಾಕೆಂದರೆ ಅವನು ಏನನ್ನು ಹುಡುಕುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಡುತ್ತಿರಲಿಲ್ಲ, ಅಷ್ಟೇ.

ಇನೋಕೆ ಮೂವತ್ತೊಂದು ವರ್ಷ ದ್ವೀಪಗಳ ನಡುವೆ ಓಡಾಡುವ ಹಡಗಿನಲ್ಲಿ ಅಡುಗೆಯವನಾಗಿದ್ದವನು. ಹಡಗು ಗುಜರಿಗೆ ಹೋಯಿತು, ಇವನು ದಡಕ್ಕೆ ಬಂದ. ಹೆಂಡತಿ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು. ರೈವಾಕ ಬಡಾವಣೆಯಲ್ಲಿ ತಂಗಿಯ ಮನೆಯಲ್ಲಿ ಒಂದು ಮಂಚ ಸಿಕ್ಕಿತು. ಆ ಮಂಚದ ಮೇಲೆ ಅವನು ನೆಟ್ಟಗೆ ಮಲಗಿದ್ದು ಕಡಿಮೆ. ನಿಂತಲ್ಲಿ ನಿಲ್ಲ, ಕೂತಲ್ಲಿ ಕೂರ.

"ನಿನ್ನ ಕಾಲಿಗೆ ಚಕ್ರ ಇದೆಯೇನೋ?" ಎಂದು ಒಮ್ಮೆ ರೇಗಿದ್ದೆ.

"ನೆಲ ಅಲುಗಾಡ್ತಾ ಇಲ್ಲ ಮಾರಾಯ. ಅದು ಅಲುಗಾಡದಿದ್ರೆ ನಾನೇ ಅಲುಗಾಡಬೇಕು," ಅಂದ.

ಹಡಗಿನಲ್ಲಿ ಅವನು ಊಟ ಮಾಡುತ್ತಿದ್ದದ್ದೂ ನಿಂತೇ. ಒಂದು ಕೈಯಲ್ಲಿ ಒಲೆಯ ಸರಳು, ಇನ್ನೊಂದು ಕೈಯಲ್ಲಿ ಚಮಚ. ಎಲ್ಲರಿಗೂ ಬಡಿಸಿದ ಮೇಲೆ ಎರಡು ತುತ್ತು ಬಾಯಿಗೆ ಹಾಕಿಕೊಂಡರೆ ಅವನ ಊಟ ಮುಗಿಯಿತು. ಈ ಚಟ ಅಲ್ಲಿಂದ ಬಂದದ್ದು ಎಂದು ಅವನು ಹೇಳುತ್ತಿದ್ದ. ಅರ್ಧ ನಿಜ. ಉಳಿದರ್ಧ ಅವನ ಮಗಳು ಲಿತಿಯಾ.

ಲಿತಿಯಾ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನಾಲ್ಕು ಮೇಜಿನ ಹೋಟೆಲು ತೆರೆದಿದ್ದಳು. ಬೋರ್ಡಿಲ್ಲ, ಬಾಗಿಲಿಗೆ ಹೂವಿನ ಪರದೆ. ತೆರೆದ ದಿನ ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿದರು. ಊರಿನ ಹೆಂಗಸರು ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದರು. ನಾನೂ ಇದ್ದೆ. ಮೊದಲ ತಟ್ಟೆ ಅಪ್ಪನಿಗೆ: ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು, ಬೇಯಿಸಿದ ಮರಗೆಣಸು, ಕೆಸುವಿನ ಸೊಪ್ಪು. ಇನೋಕೆ ಒಂದು ಚಮಚ ಬಾಯಿಗಿಟ್ಟ. ಹಡಗಿನಲ್ಲಿ ಕೈಕೆಳಗಿನವನಿಗೆ ಕೂಗಿ ಹೇಳಿ ಅಭ್ಯಾಸವಾದ ಗಂಟಲಿನಲ್ಲಿ, ಎಲ್ಲರ ಎದುರಿಗೆ, ಹೇಳಿದ:

"ಹಾಲು ಒಡೆದಿದೆ. ಹಡಗಲ್ಲಾಗಿದ್ರೆ ಇದನ್ನ ಸಮುದ್ರಕ್ಕೆ ಸುರೀತಿದ್ದೆ."

ಪಾದ್ರಿಗಳ ಚಮಚ ಗಾಳಿಯಲ್ಲೇ ನಿಂತಿತು. ಲಿತಿಯಾ ಬಂದು ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡಳು.

"ಹಾಗಾದ್ರೆ ಸಮುದ್ರಕ್ಕೇ ಹೋಗಿ ಊಟ ಮಾಡು, ತಾ. ಇಷ್ಟು ವರ್ಷ ಅಲ್ಲೇ ತಾನೇ ಮಾಡಿದ್ದು?"

ತಾ ಅಂದರೆ ಅಪ್ಪ. ಆ ಮಾತಿನಲ್ಲಿ ಮೀನಿಗಿಂತ ಹಳೆಯದೇನೋ ಇತ್ತು ಎನ್ನುವುದು ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಇನೋಕೆ ಎದ್ದು ಹೊರಟ. ಅವತ್ತಿನಿಂದ ಅಪ್ಪ ಮಗಳಿಗೆ ಮಾತಿಲ್ಲ.

ಅಲೆದಾಟ ಶುರುವಾದದ್ದು ಮರುದಿನವೇ. ಹಳ್ಳದ ಪಕ್ಕದ ಚೀನೀಯರ ಹೋಟೆಲಿನಲ್ಲಿ ನೂಡಲ್ಸು: "ಬೆಂಕಿ ಸಾಲದು." ತೂರಕ್ ಗುಡ್ಡದ ಮೇಲಿನ ಆಡಿನ ಮಾಂಸದ ಸಾರು: "ಚೆನ್ನಾಗಿದೆ. ಆದ್ರೆ ನಗು ಬರೋ ಹಾಗಿಲ್ಲ." ಅದೇನು ಮಾತೋ! ಬಸ್ ನಿಲ್ದಾಣದ ರೊಟ್ಟಿ ಸುರುಳಿ, ಸಮುದ್ರದ ಗೋಡೆಯ ಹತ್ತಿರ ನಿಂಬೆರಸದಲ್ಲಿ ನೆನೆಸಿದ ಹಸಿ ಮೀನು, ಗುಜರಾತಿಗಳ ತರಕಾರಿ ಊಟ, ರಸ್ತೆ ಬದಿಯ ಕೆಂಡದ ಮೇಲೆ ಸುಟ್ಟ ಕುರಿಮಾಂಸ. ಎಲ್ಲ ಕಡೆಯೂ ಎರಡೇ ತುತ್ತು. ಈ ಬೇರೆಯವರ ಹೋಟೆಲುಗಳಲ್ಲಿ ಮಾತ್ರ ಅವನ ಬಾಯಿಗೆ ಬೀಗ. "ತುಂಬ ಚೆನ್ನಾಗಿತ್ತಮ್ಮ," ಎಂದು ನಕ್ಕು ಬಂದು, ಹೊರಗೆ ನನ್ನ ಕಿವಿಯಲ್ಲಿ ತೀರ್ಪು ಹೇಳುವನು.

"ಇದೇ ನಗು ಮಗಳ ಅಂಗಡೀಲಿ ನಗೋಕೆ ನಿನಗೆ ಏನಾಗಿತ್ತು?" ಎಂದು ಕೇಳಿದೆ.

"ಇವರಿಗೆ ಸುಳ್ಳು ಹೇಳಬಹುದು. ಅವಳಿಗೆ ಹೇಗೆ ಹೇಳಲಿ?"

"ಹಾಗಾದ್ರೆ ಹೋಗಿ ತಪ್ಪಾಯ್ತು ಅನ್ನು. ಕಾವಾ ಬೇರಿನ ಒಂದು ಕಟ್ಟು ತಗೊಂಡು ಹೋಗಿ ಮುಂದಿಡು. ನಿಮ್ಮ ಪದ್ಧತಿಯೇ ಇದೆಯಲ್ಲ."

ಅವನು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದ. "ಅಪ್ಪ ಮಗಳ ಮುಂದೆ ಕಾವಾ ಇಟ್ಟು ಕ್ಷಮೆ ಕೇಳಿದ್ದು ನಿಮ್ಮ ಅಜ್ಜ ಇಲ್ಲಿಗೆ ಬಂದ ಕಾಲದಿಂದ ಎಲ್ಲಾದ್ರೂ ಕೇಳಿದ್ದೀಯಾ?"

ಕೇಳಿರಲಿಲ್ಲ.

ನಾವು ಯಾವ ದಿಕ್ಕಿನ ಹೋಟೆಲಿಗೆ ಹೋದರೂ ವಾಪಸು ಬರುವ ದಾರಿ ಮಾತ್ರ ಒಂದೇ, ಲಿತಿಯಾಳ ಓಣಿ. ಅದೂ ಸರಿಯಾಗಿ ಎರಡು ಗಂಟೆಗೆ. ಆ ಹೊತ್ತಿಗೆ ಗಿರಾಕಿಗಳ ಗಲಾಟೆ ಮುಗಿದು ಅವಳು ಬಾಗಿಲ ಪಕ್ಕದ ಮೇಜಿನಲ್ಲಿ ತನ್ನ ತಟ್ಟೆ ಇಟ್ಟುಕೊಂಡು ಕೂತಿರುತ್ತಾಳೆ. ನಮ್ಮ ಊರಿನಲ್ಲಿ ಉಣ್ಣುತ್ತಿರುವವರು ದಾರಿಯಲ್ಲಿ ಹೋಗುವವರನ್ನು "ಮೈ ಕನ" ಎಂದು ಕೂಗಲೇಬೇಕು. ಬಾ, ಊಟ ಮಾಡು ಎಂದು. ಗುರುತಿಲ್ಲದವನಾದರೂ ಸರಿ, ಸಾಲಗಾರನಾದರೂ ಸರಿ. ಹೋಗುವವನು "ವಿನಾಕ, ಈಗ ತಾನೇ ಉಂಡೆ" ಎಂದು ಕೈಯೆತ್ತಿ ಮುಂದೆ ಹೋಗಬೇಕು; ವಿನಾಕ ಅಂದರೆ ಉಪಕಾರವಾಯಿತು. ಹೊಟ್ಟೆ ಹಸಿದು ಬೆನ್ನಿಗೆ ಹತ್ತಿದ್ದರೂ ಹಾಗೇ ಹೇಳಬೇಕು. ಕರೆದವರೂ ಅವನು ಬರುತ್ತಾನೆಂದು ಕರೆಯುವುದಿಲ್ಲ. ಆದರೆ ಕರೆಯದಿದ್ದರೆ ಮಾತ್ರ ಅದು ಮುಖಕ್ಕೆ ಹೊಡೆದ ಹಾಗೆ.

ಲಿತಿಯಾ ಎಲ್ಲರನ್ನೂ ಕರೆಯುತ್ತಿದ್ದಳು. ಗಾಡಿ ತಳ್ಳುವವನನ್ನು, ಪೊಲೀಸಿನವನನ್ನು, ಎದುರು ಅಂಗಡಿಯ ಜಗಳಗಂಟಿಯನ್ನು. ನನ್ನನ್ನಂತೂ ಹೆಸರು ಹಿಡಿದು, "ಮುನ್ಸಾಮಿ ಅಂಕಲ್, ಮೈ ಕನ!" ನನ್ನ ಪಕ್ಕದಲ್ಲೇ ಆರಡಿ ಎತ್ತರದ ಅಪ್ಪ. ಅವನು ಕಂಡದ್ದೇ ಇಲ್ಲ ಎನ್ನುವಂತೆ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ವಿನಾಕ ಮಗಳೇ, ಈಗ ತಾನೇ ಉಂಡೆ," ಅನ್ನುವಾಗ ನನಗೆ ನಾಚಿಕೆಯಾಗುತ್ತಿತ್ತು. ಇನೋಕೆ ಅಲ್ಲಿ ಹೆಜ್ಜೆ ನಿಧಾನ ಮಾಡುತ್ತಿದ್ದ. ಒಂದೊಂದು ದಿನ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವ ನೆವದಲ್ಲಿ ಬಗ್ಗಿ ನಿಲ್ಲುವನು. ಅವಳು ಕರೆಯುತ್ತಿರಲಿಲ್ಲ. ಮಾರನೇ ದಿನ ಮತ್ತೊಂದು ಹೋಟೆಲು, ಮತ್ತೆರಡು ತುತ್ತು, ಮತ್ತದೇ ಓಣಿ. ಆ ಒಂದು ಕರೆಗಾಗಿ ಅವನು ಇಡೀ ಊರು ಸುತ್ತುತ್ತಿದ್ದ.

ಒಂದು ಮಂಗಳವಾರ ಜೋರು ಮಳೆ. ಸುವಾದಲ್ಲಿ ಅದೇನು ವಿಶೇಷವಲ್ಲ, ಮಳೆ ನಿಂತರೆ ನಾವು ಆಕಾಶ ನೋಡುವವರು. ಇನೋಕೆ ಕೊಡೆಯಿಲ್ಲದೆ ತೊಯ್ದು ತೊಪ್ಪೆಯಾಗಿದ್ದ, ಮಂಡಿನೋವಿಗೆ ಕುಂಟುತ್ತಿದ್ದ. ಓಣಿಗೆ ಬಂದೆವು. ಲಿತಿಯಾ ತಲೆಯೆತ್ತಿ ನೋಡಿದಳು. ನನ್ನನ್ನಲ್ಲ.

"ಮೈ ಕನ, ತಾ," ಅಂದಳು.

"ವಿನಾಕ, ಈಗ ತಾನೇ ಉಂಡೆ," ಎಂದು ಕೈಯೆತ್ತಿ ಇನೋಕೆ ಮುಂದೆ ನಡೆದ.

ಹತ್ತು ಹೆಜ್ಜೆ ಹೋದ. ಕೊಡೆ ಅಂಗಡಿಯ ಮುಂದೆ ನಿಂತ. ಮುಖದ ಮೇಲಿನ ನೀರನ್ನು ಒರೆಸಿಕೊಂಡ.

"ಮುನ್ಸಾಮಿ, ನಾನೇನಂದೆ?"

"ಉಂಡೆ ಅಂದೆ."

"ನಾನು ಉಂಡಿಲ್ಲ."

"ಅಯ್ಯೋ ನಿನ್ನ! ಗೊತ್ತು ಕಣೋ! ನಾಲ್ಕು ತಿಂಗಳಿಂದ ಉಂಡಿಲ್ಲ ನೀನು! ಹೋಗು, ವಾಪಸ್ ಹೋಗು!"

"ಬಾಯಿಂದ ಬಂದುಬಿಡ್ತಲ್ಲ. ಅರವತ್ಮೂರು ವರ್ಷದಿಂದ ಅದೇ ಹೇಳಿದ್ದು. ಇನ್ನು ಹೇಗೆ ಹೋಗಲಿ?"

ತಿರುಗಿ ನೋಡಿದೆವು. ಲಿತಿಯಾ ಅರ್ಧ ಉಂಡ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ನನಗೆ ಅವನ ಕುತ್ತಿಗೆ ಹಿಚುಕಬೇಕೆನಿಸಿತು. ಅಳುವೂ ಬಂತು. ಮಳೆಯಿದ್ದದ್ದು ಒಳ್ಳೆಯದಾಯಿತು.

ಬುಧವಾರ ಆ ಬಾಗಿಲ ಪಕ್ಕದ ಮೇಜು ಖಾಲಿ. ಅವಳು ಒಳಗೆ ಅಡುಗೆಮನೆಯಲ್ಲೇ ಉಣ್ಣಲು ಶುರುಮಾಡಿದ್ದಳು. ಇನ್ನು ಯಾರನ್ನೂ ಕರೆಯುವ ಮಾತೇ ಇರಲಿಲ್ಲ. ಅವತ್ತು ಇನೋಕೆ ಒಂದೇ ಮಧ್ಯಾಹ್ನ ಐದು ಹೋಟೆಲು ಹೊಕ್ಕ. ಒಂದರಲ್ಲಿ ತಟ್ಟೆ ಬರುವ ಮೊದಲೇ ಎದ್ದುಬಂದ. ಇನ್ನೊಂದರಲ್ಲಿ ಕೂರಲೇ ಇಲ್ಲ. ಗುರುವಾರ ಬಂದರಿಗೆ ಹೋಗಿಬಂದು, ನನ್ನ ಟ್ಯಾಕ್ಸಿಯ ಕಿಟಕಿಗೆ ಬಗ್ಗಿ ಹೇಳಿದ:

"ಮೀನು ಹಿಡಿಯೋ ಹಡಗಿಗೆ ಅಡುಗೆಯವನು ಬೇಕಂತೆ. ಒಂಬತ್ತು ತಿಂಗಳು. ಶನಿವಾರ ಹೊರಡುತ್ತೆ."

"ಆ ಮಂಡಿ ಇಟ್ಕೊಂಡು?"

"ಅಲ್ಲಿ ನಿಂತೇ ಊಟ ಮಾಡಬಹುದು," ಅಂದ.

ಶುಕ್ರವಾರ ಒಂದು ಗಂಟೆಗೆ ಬಂದವನು ಯಾವ ಹೋಟೆಲಿನ ಹೆಸರನ್ನೂ ಎತ್ತಲಿಲ್ಲ. "ಲಿತಿಯಾ ಹತ್ರ ಒಂದು ಮೀನೂಟ ಕಟ್ಟಿಸ್ಕೊಂಡು ಬಾ. ನಿನಗೆ ಅಂತ ಹೇಳು," ಅಂದ. ಹಡಗು ಹತ್ತುವ ಮೊದಲು ಒಮ್ಮೆ ಅವಳ ಕೈಯಡುಗೆ ತಿನ್ನುವ ಆಸೆ ಇರಬೇಕು ಅಂದುಕೊಂಡೆ.

ಹೋಗಿ ಕೇಳಿದೆ. ಲಿತಿಯಾ ಸೌಟು ಹಿಡಿದು ನನ್ನನ್ನೇ ನೋಡಿದಳು.

"ಅಂಕಲ್, ಇವತ್ತು ಶುಕ್ರವಾರ. ನೀವು ಮೀನು ಮುಟ್ಟಲ್ಲವಲ್ಲ."

ಸುಳ್ಳು ಹೇಳುವುದರಲ್ಲಿ ನಾನು ಹುಟ್ಟಾ ಪೆದ್ದ. "ಅದು... ನಾಳೆ ಅವನು ಒಂಬತ್ತು ತಿಂಗಳಿಗೆ ಹಡಗು ಹತ್ತುತ್ತಾನಮ್ಮ," ಎಂದುಬಿಟ್ಟೆ.

"ಹತ್ತಲಿ," ಅಂದಳು. "ನಾನು ಕರೆದೆ. ಉಂಡೆ ಅಂದ. ನೀವೂ ಕೇಳಿಸ್ಕೊಂಡ್ರಿ."

"ಅದು ಬಾಯಿಪಾಠ ಕಣಮ್ಮ..."

ಅವಳು ಒಲೆಯ ಕಡೆ ತಿರುಗಿದಳು. ಡಬ್ಬಿಗೆ ಮರಗೆಣಸು ಹಾಕಿದಳು, ಸೊಪ್ಪು ಹಾಕಿದಳು, ಮೀನಿನ ಎರಡು ನಡುತುಂಡು ಹಾಕಿದಳು. ಆಮೇಲೆ ಆ ನಡುತುಂಡುಗಳನ್ನು ಮತ್ತೆ ಪಾತ್ರೆಗೆ ಸುರಿದು ಮೀನಿನ ತಲೆಯನ್ನು ಎತ್ತಿ ಹಾಕಿದಳು. ತಲೆ ಯಾವಾಗಲೂ ಮನೆಯ ಹಿರಿಯನ ಪಾಲು. ಬೇರೆಯವರು ಅದನ್ನು ಕೇಳುವುದೂ ಇಲ್ಲ, ಅವರಿಗೆ ಯಾರೂ ಬಡಿಸುವುದೂ ಇಲ್ಲ. ನಾನು ತೆಗೆದುಕೊಂಡು ಬಂದೆ.

ಇನೋಕೆ ಮುಚ್ಚಳ ತೆರೆದು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಸಮುದ್ರದ ಕಡೆಗಲ್ಲ, ಓಣಿಯ ಕಡೆಗೆ ನಡೆದ. ಅವಳ ಬಾಗಿಲಿನ ಎದುರಿಗೇ, ದಾರಿಯ ಆಚೆ, ಒಂದು ತರಕಾರಿ ಪೆಟ್ಟಿಗೆಯನ್ನು ಬೋರಲು ಹಾಕಿ ಕೂತ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ತುತ್ತು ಎತ್ತಲಿಲ್ಲ, ಕಾದ. ಇವನಿಗೆ ಇಷ್ಟು ಹೊತ್ತು ಕೂರಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಆದರೆ ಮಂಡಿ ಮಾತ್ರ ತಕತಕ ಕುಣಿಯುತ್ತಿತ್ತು, ಡಬ್ಬಿಯೂ ಅದರ ಜೊತೆ. ಸ್ಟ್ಯಾಂಡಿನಿಂದ ಯಾರೋ ನನ್ನ ಹೆಸರು ಹಿಡಿದು ಗಿರಾಕಿ ಬಂದಿದ್ದಾರೆಂದು ಕೂಗಿದರು. ಕಿವುಡನಾದೆ.

ಎರಡು ಗಂಟೆ ದಾಟಿದ ಮೇಲೆ ಪರದೆ ಸರಿಯಿತು. ಪಾತ್ರೆ ತೊಳೆದ ನೀರಿನ ಬೋಗುಣಿ ಹಿಡಿದು ಲಿತಿಯಾ ಹೊರಗೆ ಬಂದಳು.

ಇನೋಕೆ ತಟ್ಟನೆ ಒಂದು ತುತ್ತು ಬಾಯಿಗಿಟ್ಟುಕೊಂಡ. ಉಣ್ಣುತ್ತಿರುವವನು ತಾನೇ ಕರೆಯಬೇಕು?

"ಮೈ ಕನ, ಲಿತಿಯಾ!"

"ವಿನಾಕ, ಈಗ ತಾನೇ ಉಂಡೆ," ಅಂದಳು ಅವಳು, ನೀರು ಚೆಲ್ಲುತ್ತ.

ಅಪ್ಪನಿಗೆ ತಕ್ಕ ಮಗಳು. ಎರಡು ಹೆಜ್ಜೆ ಹೋಗಿ ಎದುರಿಗೆ ಕೂತು ಉಣ್ಣುವುದೊಂದನ್ನು ಬಿಟ್ಟು ಈ ಜನಕ್ಕೆ ಮಿಕ್ಕೆಲ್ಲವೂ ಬರುತ್ತದೆ! ಖಾಲಿ ಬೋಗುಣಿ ಹಿಡಿದು ಅವಳು ಹಾಗೇ ನಿಂತಿದ್ದಳು. ತನ್ನ ಬಾಯಿಂದ ಏನು ಬಂತೆಂದು ಅವಳಿಗೂ ಈಗ ಕೇಳಿಸಿರಬೇಕು.

"ಉಂಡಿಲ್ಲ, ತಾ," ಅಂದಳು.

ದಾರಿ ದಾಟಿ ಬಂದು, ಬೋಗುಣಿಯನ್ನೇ ಮಗುಚಿ ಹಾಕಿ ಅದರ ಮೇಲೆ ಕೂತಳು. ಇನೋಕೆ ಡಬ್ಬಿಯನ್ನು ಇಬ್ಬರ ನಡುವೆ ಇಟ್ಟ. ಅವಳು ಒಂದು ಚೂರು ಮೀನು ಕಿತ್ತು ಬಾಯಿಗೆ ಹಾಕಿಕೊಂಡು, ಅವನ ಮುಖ ನೋಡದೆ ಕೇಳಿದಳು:

"ಹಾಲು?"

ದೇವರೇ, ಈ ಮನುಷ್ಯ ಜನ್ಮದಲ್ಲಿ ಒಂದು ಸಲ ಸುಳ್ಳು ಹೇಳಲಿ ಎಂದು ಬೇಡಿಕೊಂಡೆ.

"ಸ್ವಲ್ಪ ಒಡೆದಿದೆ," ಅಂದ ಇನೋಕೆ. ಈ ಸಲ ಮೆಲ್ಲಗೆ, ಅವಳಿಗೆ ಮಾತ್ರ ಕೇಳುವಷ್ಟು.

"ನನಗೂ ಗೊತ್ತು," ಅಂದಳು. "ಒಬ್ಬಳೇ ಇದ್ದೀನಿ. ಒಲೆ ನೋಡ್ಲಾ, ಗಿರಾಕಿ ನೋಡ್ಲಾ?"

ಇನೋಕೆ ಎರಡನೇ ತುತ್ತು ತಿಂದ. ಮೂರನೇ ತುತ್ತು ತಿಂದ. ನಾಲ್ಕನೆಯದು ತಿಂದ. ನಾನು ಎಣಿಸುವುದನ್ನು ಬಿಟ್ಟೆ. ಮಂಡಿಯ ಕುಣಿತ ಯಾವಾಗ ನಿಂತಿತೋ ನೋಡಲಿಲ್ಲ. ತಲೆಯ ಕೊನೆಯ ಮೂಳೆ ಚೀಪಿ ಎಸೆದ ಮೇಲೆ ಡಬ್ಬಿಯ ತಳ ನೋಡಿದ, ಮಗಳನ್ನು ನೋಡಿದ.

"ಮರಗೆಣಸು ಇನ್ನೊಂದು ತುಂಡು ಇದೆಯೇನಮ್ಮ?" ಎಂದು ಕೇಳಿದ.